ಬಚ್ಚಲು ನುಂಗುವ ನೀರು

ನಮ್ಮ ಬಚ್ಚಲುಮನೆಯ ಮೂಲೆಯಲ್ಲಿ ಜಾಲರಿ ಮುಚ್ಚಿದ, ಅಂಗೈಯಗಲದ ತೂತೊಂದಿದೆ. ಸ್ನಾನ ಮುಗಿದ ಮೇಲೆ ನೆಲದ ನೀರೆಲ್ಲ ಅದರ ಸುತ್ತ ಗಿರ್ರನೆ ತಿರುಗಿ ಒಳಗಿಳಿಯುತ್ತದೆ. ಕಡೆಯ ಗುಟುಕಿಗೆ ಮಾತ್ರ, ಒಳಗೆ ಯಾರೋ ಬಾಯೊಡ್ಡಿ ಕುಳಿತವರಂತೆ, ‘ಗುಳುಕ್’ ಎಂದು ನುಂಗಿದ ಸದ್ದು ಬರುತ್ತದೆ. ದುರ್ಗದ ಹೊಸ ಬಡಾವಣೆಗೆ ಬಂದಾಗಿನಿಂದ ಅದನ್ನು ಕೇಳುತ್ತಿದ್ದೇನೆ. ಮೊದಮೊದಲು ನಗು ಬರುತ್ತಿತ್ತು. ಸೋಪಿನ ನೊರೆ, ತಲೆಗೂದಲು, ಪಾತ್ರೆಯ ಜಿಡ್ಡು, ಹೇಳಬಾರದ ಇನ್ನಷ್ಟು, ಏನು ಕೊಟ್ಟರೂ ಬೇಡವೆನ್ನದ ಇಂಥ ಅತಿಥಿ ಯಾರಿಗುಂಟು ಎಂದುಕೊಳ್ಳುತ್ತಿದ್ದೆ. ಕಣ್ಣಿಗೆ ಕಾಣದ್ದು ಮುಗಿದೇಹೋಯಿತೆಂದು ನಂಬುವುದರಲ್ಲಿ ನಾವೆಲ್ಲ ಪಳಗಿದವರು, ಅಲ್ಲವೇ ಗೆಳೆಯರೇ?

ಕಳೆದ ಬೇಸಿಗೆಯಲ್ಲಿ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋದೆ. ದುರ್ಗದಿಂದ ಇಳಿಜಾರಿಗಿರುವ, ಕುರಿ ಸಾಕುವವರ ಹಟ್ಟಿ ನಮ್ಮದು. ಬೇಸಿಗೆಯೆಂದರೆ ಅಲ್ಲಿಯ ಕೆರೆ ಬಿರುಕುಬಿಟ್ಟ ಮಣ್ಣು. ನಾನು ಬೇರೆ ರೀತಿಯಲ್ಲಿ ಕಂಡದ್ದೇ ಇಲ್ಲ. ಈ ಸಲ ಮಾತ್ರ ಒಂದು ಹನಿ ಮಳೆಯಿಲ್ಲದೆ, ಸದ್ದುಗದ್ದಲವಿಲ್ಲದೆ, ಅದು ತುಂಬಿ ನಿಂತಿತ್ತು. ಒಳಗೆ ಸೆಲೆ ಒಡೆದಿದೆ ಎಂದರು ಊರವರು. ನೀರು ಬರುವ ಹಳ್ಳವನ್ನು ಬಳ್ಳಾರಿ ಜಾಲಿ ಮುಚ್ಚಿಕೊಂಡಿತ್ತು, ಒಳಹೊಕ್ಕು ನೋಡಿದವರಿರಲಿಲ್ಲ. ಮನೆಗೆ ಬಂದ ದೇವತೆಯನ್ನು ಎಲ್ಲಿಂದ ಬಂದೆ ಎಂದು ಕೇಳುವುದು ಮರ್ಯಾದೆಯಲ್ಲ ಎಂದುಕೊಂಡರೋ ಏನೋ.

ನಮ್ಮಲ್ಲಿ ಬಾಣಂತಿ ಮೊದಲ ಸಲ ಹೊಸ್ತಿಲು ದಾಟಿದಾಗ ಗಂಗೆ ಪೂಜೆ ಮಾಡಬೇಕು, ಬಿಂದಿಗೆ ತುಂಬಬೇಕು, ಆ ನೀರಿನ ತೊಟ್ಟೊಂದನ್ನು ಕೂಸಿನ ತುಟಿಗೆ ಮುಟ್ಟಿಸಬೇಕು. ಕೆರೆ ಬತ್ತಿದಾಗೆಲ್ಲ ನಲ್ಲಿಗೇ ಅರಿಶಿನ ಹಚ್ಚಿ ಶಾಸ್ತ್ರ ಮುಗಿಸುತ್ತಿದ್ದರು. ಈ ಸಲ ದೊಡ್ಡವ್ವ ಕೇಳಲಿಲ್ಲ.

“ಮಳೆ ಇಲ್ದೇನೆ ಗಂಗವ್ವ ಬಾಗ್ಲಿಗೆ ಬಂದವ್ಳೆ. ನಾವು ನಲ್ಲಿಗೆ ಕೈ ಮುಗ್ಕಂಡು ಕುಂತ್ರೆ ಅವ್ಳು ಏನಂದ್ಕಂಡಾಳು? ಏಳ್ರೇ, ಹೋಗಾಣ.”

ಬಿಸಿಲು ಇಳಿಯುವ ಹೊತ್ತಿಗೆ ಕೂಸನ್ನೆತ್ತಿಕೊಂಡು ಕೆರೆಯ ದಡ ಸೇರಿದೆವು. ಕಪ್ಪೆಯ ಸದ್ದಿಲ್ಲ, ಕೊಕ್ಕರೆಯಿಲ್ಲ. ಗಾಳಿಯೂ ಇರಲಿಲ್ಲ, ಆದರೂ ದಡದುದ್ದಕ್ಕೂ ಬೆಳ್ಳನೆಯ ನೊರೆ ಉಸಿರಾಡಿದಂತೆ ಏರುತ್ತಿತ್ತು, ಇಳಿಯುತ್ತಿತ್ತು. ನಮ್ಮ ಹಿಂದೆಯೇ ಬಂದ ದೊಡ್ಡವ್ವನ ಕುರಿಮಂದೆ ದಿನವೆಲ್ಲ ಬಿಸಿಲಿನಲ್ಲಿ ಮೇದು ಬಾಯಾರಿತ್ತು. ನೀರಿನ ಹತ್ತಿರ ಬಂದದ್ದೇ ಮಂದೆಗೆ ಮಂದೆಯೇ ನಿಂತುಬಿಟ್ಟಿತು. ಒಂದಾದರೂ ಮುಂದಡಿಯಿಡಲಿಲ್ಲ, ಒಂದಾದರೂ ಬ್ಯಾ ಎನ್ನಲಿಲ್ಲ. ಎಲ್ಲವೂ ತಲೆಯೆತ್ತಿ ನೀರನ್ನೇ ನೋಡುತ್ತಿದ್ದವು.

“ಪೂಜೆ ಆಗ್ಲಿ ಅಂತ ಕಾಯ್ತಾವೆ ನೋಡ್ರೇ. ಮೂಕಜೀವಕ್ಕೂ ಭಕ್ತಿ ಐತೆ,” ಎಂದಳು ದೊಡ್ಡವ್ವ, ಕಣ್ಣು ತುಂಬಿಕೊಂಡು.

ತಂಗಿ ಕುಂಕುಮ, ಹೂವು ಬಿಟ್ಟಳು. ನೊರೆ ಅವನ್ನು ಮೆಲ್ಲಗೆ ಮುಚ್ಚಿಕೊಂಡಿತು. ಬಿಂದಿಗೆ ತುಂಬಲು ಬಗ್ಗಿದ ನನಗೆ ಕೆಸರಿನ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಎದ್ದುಬಂತು: ನಿಂಬೆಹಣ್ಣಿನ ಸೋಪು, ಅದರೊಳಗೆ ಕೊಳೆತದ್ದೇನೋ. ಅದು ನನಗೆ ಚೆನ್ನಾಗಿ ಗುರುತಿದ್ದ ವಾಸನೆ. ದಿನವೂ ಬೆಳಿಗ್ಗೆ ನಮ್ಮ ಬಚ್ಚಲಿನ ಜಾಲರಿಯಿಂದ ಬರುವಂಥದ್ದು.

“ಬ್ಯಾಡ ದೊಡ್ಡವ್ವ!” ಎಂದು ಚೀರಿ ತಿರುಗುವಷ್ಟರಲ್ಲಿ, ಅದಾಗಲೇ ಬೊಗಸೆಯಲ್ಲಿ ನೀರೆತ್ತಿಕೊಂಡಿದ್ದ ಅವಳ ಬೆರಳು ಕೂಸಿನ ತುಟಿಯ ಮೇಲಿತ್ತು. ಕೂಸು ಚಪ್ಪರಿಸಿತು. ನುಂಗಿತು. ಅಷ್ಟು ಪುಟ್ಟ ಗಂಟಲಿನಿಂದ ಬಂದ ಆ ಸದ್ದನ್ನು ನಾನು ಮೊದಲೇ ಕೇಳಿದ್ದೆ.

ಮಾರನೆಯ ದಿನ ವಾಂತಿಭೇದಿ. ದುರ್ಗದ ಆಸ್ಪತ್ರೆಯಲ್ಲಿ, ಗೋಲಿಯಷ್ಟು ಮುಷ್ಟಿಗೆ ಸೂಜಿ ಚುಚ್ಚಿ ಮಲಗಿಸಿದ ಕೂಸಿನ ಪಕ್ಕ ದೊಡ್ಡವ್ವ ಒಂದೇ ಮಾತು ಹೇಳುತ್ತಿದ್ದಳು: “ನನ್ ಕೈಯಾರ ಕುಡಿಸಿಬಿಟ್ನಲ್ಲೇ.” ಅದು ನಮ್ಮ ಮನೆಗಳ ನೀರು ಎನ್ನಲು ನನಗೆ ನಾಲಗೆ ಏಳಲಿಲ್ಲ. ಆಮೇಲೆ ವಿಚಾರಿಸಿದಾಗ ತಿಳಿಯಿತು, ಬಡಾವಣೆಯ ಕೊಳವೆ ಶುದ್ಧೀಕರಣ ಘಟಕದವರೆಗೆ ಹೋಗುವುದೇ ಇಲ್ಲ. ಜಾಲಿಯ ಮರೆಯಲ್ಲಿ ಹಳ್ಳಕ್ಕೆ ಬಾಯಿ ತೆರೆದು ಅಲ್ಲಿಗೇ ನಿಲ್ಲುತ್ತದೆ. ಕೊಳವೆಯನ್ನು ಘಟಕಕ್ಕೆ ಮುಟ್ಟಿಸಿ ಎಂದು ನಗರಸಭೆಗೆ ಅರ್ಜಿ ಹಿಡಿದು ಹೋದರೆ, ನೀರು ಮುಂದಕ್ಕೆ ಹೋಗುತ್ತಿದೆಯಲ್ಲ, ನಿಮಗೇನು ತೊಂದರೆ ಎಂದು ಕೇಳುತ್ತಾರೆ. ಮುಂದಕ್ಕೆಂದರೆ ಎಲ್ಲಿಗೆ? ಕೆರೆ ಕೋಡಿ ಬಿದ್ದರೆ ಹಳ್ಳಕ್ಕೆ, ಹೊಳೆಗೆ, ಕಡೆಗೆ ಕಡಲಿಗೆ. ಕಡಲ ದಡದ ಊರುಗಳೂ ತಮ್ಮ ಬಚ್ಚಲನ್ನು ಹಾಗೆಯೇ ಅಲೆಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತವಂತೆ, ಅಷ್ಟು ದೊಡ್ಡ ನೀರಿಗೆ ಇದೆಷ್ಟರದು ಎಂದು. ಅಲ್ಲಿಯೂ ಯಾರದೋ ಕೂಸು ಅಲೆಗೆ ಬಾಯಿ ತೆರೆದು ನಗುತ್ತಿರುತ್ತದೆ. ಉಂಡೆದ್ದ ಎಂಜಲೆಲೆಯನ್ನು ಬೀಗರ ಪಂಕ್ತಿಗೆ ಹಾಕಿಸಲು ನಾಚುವ ನಾವು ಇದಕ್ಕೆ ಮಾತ್ರ ನಾಚುವುದಿಲ್ಲ. ನನಗೆ ಸಿಟ್ಟು ಬರುತ್ತದೆ, ನನ್ನನ್ನೂ ಸೇರಿಸಿಕೊಂಡೇ.

ಕೂಸು ಉಳಿಯಿತು. ಈಗ ಅಂಬೆಗಾಲಿಡುತ್ತದೆ. ಆದರೆ ಸ್ನಾನ ಮುಗಿಯುವಾಗ ನಾನಿನ್ನೂ ಕಡೆಯ ನೀರಿಗೆ ಅಡ್ಡವಾಗಿ ಜಾಲರಿಯ ಮೇಲೆ ಹಿಮ್ಮಡಿಯೂರಿ ನಿಲ್ಲುತ್ತೇನೆ. ನೀರು ಬೆರಳ ಸಂದಿಯಲ್ಲಿ ತಣ್ಣಗೆ ಕಾಯುತ್ತದೆ. ಹೊರಗೆ ಮನೆಯವರು ಬಾಗಿಲು ಬಡಿಯುತ್ತಾರೆ. ಎಷ್ಟು ಹೊತ್ತೆಂದು ನಿಲ್ಲಲಿ? ಕಾಲು ತೆಗೆಯುತ್ತೇನೆ. ಕೆಳಗೆ, ಚಪ್ಪರಿಸಿದಂತಾಗಿ, ಕೂಸು ನುಂಗುತ್ತದೆ.