ಕರೆಯೋಲೆಯಲ್ಲಿ ಬಂದ ಕಳ್ಳ

ನನ್ನ ಮೊಮ್ಮಗಳು ಕೃಷಿ ಕಾಲೇಜಿನಲ್ಲಿ ಓದುತ್ತಾಳೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಇದನ್ನು ಬರೆಯುವಾಗಲೂ ಎದೆ ಉಬ್ಬುತ್ತದೆ. ವರ್ಷವೆಲ್ಲ ಬಿಳಿಗೆರೆ ಸುತ್ತಿನ ತೋಟಗಳನ್ನು ಅಲೆದು, ನುಸಿ ಬಿದ್ದ ತೆಂಗಿನಕಾಯಿಗಳ ಫೋಟೊ ತೆಗೆದು ಲ್ಯಾಪ್‌ಟಾಪಿಗೆ ತುಂಬಿದ್ದಳು. ಊರಿಗೆ ಬಂದಾಗಲೆಲ್ಲ ಅವುಗಳ ನಕಲನ್ನು ಬೆರಳುದ್ದದ ಪೆನ್‌ಡ್ರೈವಿಗೆ ಹಾಕಿ ನನಗೆ ಕೊಡುವಳು. "ನಿನ್ನ ಎಲೆಯಡಿಕೆ ಚೀಲದಲ್ಲೇ ಇರ್ಲಿ ಕಣಜ್ಜಿ. ಯಾರು ಕೇಳಿದ್ರೂ ಕೊಡ್ಬೇಡ."

ಆ ಫೋಟೊಗಳನ್ನು ತೋರಿಸಬೇಕಿದ್ದ ಪರೀಕ್ಷೆಗೆ ಮೂರು ದಿನವಿದ್ದಾಗ, ಅವಳು ಊರಿಗೆ ಬಂದಿದ್ದಳು, ದಬ್ಬೇಘಟ್ಟದ ನೆಂಟರ ನಂಬರಿನಿಂದ ನನ್ನ ಫೋನಿಗೆ ಮದುವೆ ಕರೆಯೋಲೆ ಬಂತು. ಫೋನಿನಲ್ಲಿ ಬಿಚ್ಚಿಕೊಳ್ಳಲಿಲ್ಲ. ಲ್ಯಾಪ್‌ಟಾಪಿನಲ್ಲಿ ತೋರಿಸು ಅಂದೆ. ಅವಳು ಅದನ್ನು ಲ್ಯಾಪ್‌ಟಾಪಿಗೆ ಹಾಕಿ, ಬಿಚ್ಚದೆಯೇ ಹೆಸರು ನೋಡಿದಳು.

"ಅಜ್ಜಿ, ಇದು ಫೋಟೊ ಅಲ್ಲ, ಯಾವ್ದೋ ಪ್ರೋಗ್ರಾಮು. ಮುಟ್ಬಾರ್ದು."

"ಅರಿಶಿನ ಕುಂಕುಮ ಇಟ್ಟು ಕರೆದ ಓಲೆ ಬಿಚ್ದೆ ಇರ್ತಾರೇನೇ? ನಾಳೆ ನಿನ್ನ ಮದುವೆಗೆ ಯಾರು ಬತ್ತಾರೆ?"

ಅವಳು ಸ್ನಾನಕ್ಕೆ ಹೋದಳು. ನಾನು ಅವಳಂತೆಯೇ ಆ ಓಲೆಯ ಮೇಲೆ ಎರಡು ಸಲ ಒತ್ತಿದೆ.

ಪರದೆ ಕೆಂಪಾಯಿತು. ಒಂದು ಫೋಟೊವೂ ತೆರೆಯಲಿಲ್ಲ. ಒದ್ದೆ ತಲೆಯಲ್ಲೇ ಓಡಿಬಂದವಳು ಇಂಗ್ಲಿಷಿನಲ್ಲಿದ್ದುದನ್ನು ಓದಿದಳು. ಯಾವನೋ ಕಳ್ಳ ಫೋಟೊಗಳಿಗೆಲ್ಲ ಬೀಗ ಹಾಕಿದ್ದಾನಂತೆ, ದುಡ್ಡು ಕೊಟ್ಟರೆ ತೆಗೆಯುತ್ತಾನಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಅಟ್ಟದ ಕೊಬ್ಬರಿ ಕದಿಯುವವನಿಗಾದರೂ ಏಣಿ ಬೇಕು, ನಾಯಿಯ ಭಯ ಇರಬೇಕು. ಇವನು ಎಲ್ಲೋ ಕುಳಿತು, ನನ್ನ ಕೈಯಿಂದಲೇ ಬಾಗಿಲು ತೆಗೆಸಿ, ನನ್ನ ಕೂಸಿನ ವರ್ಷದ ದುಡಿಮೆಗೆ ಬೀಗ ಜಡಿದಿದ್ದ.

ಅವಳು ನನ್ನನ್ನು ಬೈಯಲಿಲ್ಲ. ಬಿಡಿಸಿ ಹೇಳಿದಳು. "ಹಿಂಗೆ ಒಳ್ಳೆ ವೇಷ ಹಾಕ್ಕೊಂಡು ಬರೋದು ಟ್ರೋಜನ್. ಬೀಗ ಹಾಕಿ ದುಡ್ಡು ಕೇಳೋದು ರ‍್ಯಾನ್ಸಮ್‌ವೇರ್. ವೈರಸ್ ಫೈಲಿಂದ ಫೈಲಿಗೆ ಅಂಟ್ತದೆ. ವರ್ಮ್ ಯಾರೂ ಒತ್ತದಿದ್ರೂ ತಾನೇ ಹರಡ್ತದೆ, ನಮ್ಮ ನುಸಿ ಇದ್ದಂಗೆ. ಸ್ಪೈವೇರ್ ಒಳಗೆ ಕೂತು ಎಲ್ಲ ಕದ್ದು ನೋಡ್ತದೆ, ಹೊರಗೆ ಏನೂ ಗೊತ್ತಾಗಲ್ಲ."

"ತೆಂಗು ಕೊರೆಯೋ ಕೆಂಪು ಮೂತಿ ಹುಳ ಕಣೇ ಅದು! ಮೇಲೆ ಗರಿ ಹಸಿರು, ಒಳಗೆ ಮರ ಟೊಳ್ಳು."

ದಬ್ಬೇಘಟ್ಟದ ನೆಂಟರಾಕೆಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. "ನಮ್ಮನೇಲಿ ಮದುವೇನೇ ಇಲ್ಲ ಕಣಕ್ಕ! ನನ್ನ ನಂಬರೂ ಕದ್ದವ್ರೆ" ಎಂದು ಅವಳೇ ಅತ್ತಳು.

ಆಗ ಚೀಲ ನೆನಪಾಯಿತು. ಅಡಿಕೆ, ಸುಣ್ಣದ ಡಬ್ಬಿ, ಎಲ್ಲ ನೆಲಕ್ಕೆ ಸುರಿದೆ. ಸುಣ್ಣ ಮೆತ್ತಿಕೊಂಡ ಪೆನ್‌ಡ್ರೈವ್ ಉರುಳಿತು. ಚುಚ್ಚು ಮಗ ಅಂದರೆ ನಕ್ಕಳು. "ಈಗ್ಲೇ ಚುಚ್ಚಿದ್ರೆ ಇದಕ್ಕೂ ಬೀಗ ಬೀಳ್ತದೆ. ಮೊದ್ಲು ಆ ಕಳ್ಳನ್ನ ಪೂರ್ತಿ ತೊಳೀಬೇಕು." ಮಾರನೇ ದಿನ ಲ್ಯಾಪ್‌ಟಾಪನ್ನು ತಿಪಟೂರಿನಲ್ಲಿ ತೊಳೆಸಿ ತಂದು ಪೆನ್‌ಡ್ರೈವ್ ಚುಚ್ಚಿದಳು. ಫೋಟೊಗಳು ಒಂದೊಂದಾಗಿ ಎದ್ದು ಬಂದವು. ಇನ್ನೂ ನಕಲು ಮಾಡಿರದ ಕೊನೆಯ ವಾರದವು ಮಾತ್ರ ಹೋಗಿದ್ದವು. ಅವನ್ನು ಮತ್ತೆ ತೆಗೆಯಲು ತೋಟಕ್ಕೆ ನಾನೂ ಹೋದೆ, ಕಾಯಿ ಹಿಡಿದುಕೊಂಡು ನಿಂತೆ.

ಪರೀಕ್ಷೆಯಲ್ಲಿ ಅವಳೇ ಮೊದಲು! ಬೀದಿಗೆಲ್ಲ ಸಕ್ಕರೆ ಹಂಚಿದೆ. ಆದರೂ ಮದುವೆಯ ಕರೆಯೋಲೆ ನೋಡಿದರೆ ಈಗಲೂ ಕೈ ಹಿಂದೆ ಸರಿಯುತ್ತದೆ. ಸಂತೋಷದಿಂದ ಬಿಚ್ಚುತ್ತಿದ್ದ ಕೈಗೆ ಈ ಅಂಜಿಕೆ ಹತ್ತಿಸಿದೆಯಲ್ಲೋ ಕಳ್ಳ, ನಿನ್ನ ಕೈ ಸೇದೋಗ.