ಐದು ಲೀಟರ್ ಭಾರ

ಮೊಬೈಲು ಇನ್ನೂ ಎಲ್ಲರ ಕೈಗೆ ಬಾರದಿದ್ದ ಕಾಲ. ನಾನು ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದೆ. ಬಾಡಿಗೆಗೆ ಹಿಡಿದ ಕೋಣೆಯಲ್ಲಿ ನನಗಿಂತ ಮೊದಲು ಒಬ್ಬ ವಿದೇಶಿ ವಿದ್ಯಾರ್ಥಿಯಿದ್ದನಂತೆ. ಅವನು ಬಿಟ್ಟುಹೋದ ಬೆನ್ನುಚೀಲವೊಂದು, ಚಾರಣದ ಪತ್ರಿಕೆಗಳ ಕಟ್ಟೊಂದು ಅಟ್ಟದ ಮೇಲೆ ಸಿಕ್ಕವು. ಆ ಪತ್ರಿಕೆಗಳನ್ನು ಕರಡು ಓದುವ ಶ್ರದ್ಧೆಯಿಂದಲೇ ಓದಿದೆ. ಯಾವ ಋತುವಿಗೆ ಯಾವ ಸಾಮಾನು, ಯಾವುದು ಬೇಡ, ಒಂದೊಂದರ ತೂಕ ಎಷ್ಟು ಎಂದೆಲ್ಲ ಬಾಯಿಪಾಠವಾಯಿತು. ಬೇಸಿಗೆಯಲ್ಲಿ ಹಗುರವಾಗಿ ನಡೆಯಿರಿ ಎಂದು ಅವು ಹೇಳುತ್ತಿದ್ದವು. ಹಾಗೆ ಬರೆದವರ ಬೇಸಿಗೆಯಲ್ಲಿ ಹಿಮ ಕರಗಿ ಹೆಜ್ಜೆಹೆಜ್ಜೆಗೆ ತೊರೆ ಹರಿಯುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಜೊತೆಗೆ ಇಬ್ಬರಿದ್ದರು. ಒಬ್ಬ ಕಾಪುವಿನವನು, ದೋಣಿಯ ಇಂಜಿನ್ ರಿಪೇರಿ ಮಾಡುವವನು, ನನ್ನ ಶಾಲೆಯ ಗೆಳೆಯ. ಇನ್ನೊಬ್ಬರು ಬಾಗಲಕೋಟೆ ಕಡೆಯಿಂದ ಹೆಂಡತಿಯೊಂದಿಗೆ ಕೆಲಸಕ್ಕೆ ಬಂದು, ಪಕ್ಕದ ಕಟ್ಟಡದಲ್ಲಿ ಟೈಲ್ಸ್ ಹಾಕುತ್ತಿದ್ದವರು. ಒಂದು ದಿನ ತಾರಸಿಯ ಮೇಲೆ ನಾನು ಟಾರ್ಪಾಲು ಒಣಹಾಕಿದ್ದನ್ನು ಆಚೆ ಕಟ್ಟಡದಿಂದ ನೋಡಿ, "ಇದೇನ್ರಿ ಸರ, ಗುಡಾರ ಹೊಡೀತೀರೇನು?" ಎಂದು ಕೇಳಿದ್ದರು. ಕಾಡಿನಲ್ಲಿ ಮಲಗುವುದಕ್ಕೆ ಎಂದೆ. ಅವರು ಬಿದ್ದು ಬಿದ್ದು ನಕ್ಕರು. ಮುಂದಿನ ತಿಂಗಳಿನಿಂದ ರಜೆಯ ದಿನಗಳಲ್ಲಿ ನಮ್ಮ ಜೊತೆ ಬರತೊಡಗಿದರು. ಗೆಳೆಯನೂ ನಾನೂ ಮಾತಾಡುವುದು ತುಳುವಿನಲ್ಲಿ. ಅವರಿದ್ದಾಗ ಮಾತ್ರ ಕನ್ನಡ.

ಆ ಏಪ್ರಿಲ್‌ನಲ್ಲಿ ಕಾರ್ಕಳದಾಚೆಯ ಘಟ್ಟ ಹತ್ತಿ, ಒಂದು ಹಳ್ಳದ ಬದಿಯಲ್ಲಿ ರಾತ್ರಿ ಕಳೆದು ಇಳಿಯುವುದೆಂದು ತೀರ್ಮಾನವಾಯಿತು. ಆ ಜಾಗ ನನಗೆ ಗೊತ್ತಿತ್ತು. ಡಿಸೆಂಬರಿನಲ್ಲಿ ಅಲ್ಲಿ ಮೊಣಕಾಲಿನವರೆಗೆ ನೀರಿತ್ತು. ಅನುಮತಿ ಗಿನುಮತಿ ಕೇಳುವ ಯೋಚನೆ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ನನ್ನ ಕೋಣೆಯಲ್ಲಿ ಸಾಮಾನು ಹರಡಿದೆವು. ಗೆಳೆಯ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ತಂದಿದ್ದ. ಅದನ್ನು ಕಿಟಕಿಯ ಸರಳಿಗೆ ನೇತುಹಾಕಿ ಒಂದೊಂದೇ ಚೀಲ ತೂಗಿದೆ. ಕಂಬಳಿ ತೆಗೆದೆ, ತೆಳ್ಳಗಿನ ಬೆಡ್‌ಶೀಟ್ ಇಟ್ಟೆ. ಸೊಳ್ಳೆಪರದೆ ಇರಲಿ, ಗೂಟಗಳು ಬೇಡ, ಹಗ್ಗವನ್ನು ಮರಕ್ಕೇ ಕಟ್ಟಿದರಾಯಿತು. ಸೀಮೆಎಣ್ಣೆ ಸ್ಟವ್ ಬೇಡ, ಅವಲಕ್ಕಿ ಬೆಲ್ಲ ಸಾಕು. ಒಂದೊಂದು ವಸ್ತು ತೆಗೆದಾಗಲೂ ಮುಳ್ಳು ಇಳಿಯುವುದನ್ನು ನೋಡಿ ನನಗೆ ಖುಷಿ.

"ಎಂತ ಮಾರಾಯ, ಇವರ ಚೀಲ ನೋಡು, ಒಂಬತ್ತು ಕಿಲೋ ಉಂಟು!" ಎಂದ ಗೆಳೆಯ.

ಬಿಚ್ಚಿ ನೋಡಿದರೆ ಅವರ ಹೆಂಡತಿ ಬಟ್ಟೆಯಲ್ಲಿ ಸುತ್ತಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಅಡಿಯಲ್ಲಿ ಸುತ್ತಲೂ ಗೋಣಿತಟ್ಟು ಹೊಲಿದ ಐದು ಲೀಟರಿನ ನೀರಿನ ಕ್ಯಾನ್. ಬಾಯಿಯವರೆಗೂ ತುಂಬಿಸಿದ್ದರು. ನಾನು ಅದನ್ನು ಎತ್ತಿ ಬಾಗಿಲ ಬಳಿ ಇಟ್ಟೆ.

"ಅದು ಇರಲಿ ಬಿಡ್ರಿ ಸರ," ಎಂದರು ಅವರು. "ಬ್ಯಾಸಗ್ಯಾಗ ನೀರು ಬಿಟ್ಟು ಹೊಂಟ್ರ ಹೆಂಗ?"

"ತಲೆಗೆ ಒಂದೊಂದು ಲೀಟರ್ ಬಾಟಲಿ ಇದೆ. ಮೇಲೆ ಹಳ್ಳ ಇದೆ. ನೀರಿದ್ದಲ್ಲಿಗೆ ನೀರು ಹೊರುವುದು ಯಾಕೆ?"

"ಹಳ್ಳದಾಗ ನೀರು ಇರ್ತೈತಿ, ಖರೇ ಏನ್ರಿ?"

"ನಾನೇ ನೋಡಿದ್ದೇನಲ್ಲ."

ಅವರು ಮತ್ತೆ ವಾದಿಸಲಿಲ್ಲ. ನಾನು ಓದಿದವನು, ಅವರ ಬಾಯಲ್ಲಿ ಸರ. ಅಷ್ಟೇ ಕಾರಣ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ನಾನೂ ಅವರೂ ಮಣಿಪಾಲದಿಂದ ಹೊರಟೆವು. ಗೆಳೆಯ ಪಡುಬಿದ್ರಿಯ ಮೇಲಿಂದ ಬಂದು ಕಾರ್ಕಳದಲ್ಲಿ ಕೂಡಿಕೊಂಡ. ಎಂಟು ಗಂಟೆಗೆ ಏರಲು ಸುರುಮಾಡಿದೆವು. ಗಾಳಿಯೇ ಇರಲಿಲ್ಲ. ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿ ಹಿಡಿದಂಥ ಸೆಕೆ. "ನಮ್ಮ ಕಡೆ ಬಿಸಲು ಬೆಂಕಿ ಇದ್ದಂಗ, ಆದ್ರ ಬೆವರು ಆರತೈತ್ರಿ," ಎಂದರು ಅವರು. "ಇಲ್ಲಿ ಆರೂದ ಇಲ್ಲ." ಗಟ್ಟಿಮುಟ್ಟು ಆಳು ಎಂದು ಟಾರ್ಪಾಲು, ಹಗ್ಗ, ಪಾತ್ರೆ ಎಲ್ಲವನ್ನೂ ಅವರ ಚೀಲಕ್ಕೇ ತುಂಬಿದ್ದೆವು.

ಹನ್ನೊಂದಕ್ಕೆ ನನ್ನ ಬಾಟಲಿ ಖಾಲಿ. ಸ್ವಲ್ಪ ಹೊತ್ತಿನಲ್ಲಿ ಗೆಳೆಯನ ಮೀನಖಂಡ ಹಿಡಿದುಕೊಂಡಿತು. ಅವನು ನೆಲಕ್ಕೆ ಕೂತು ನರಳಿದ. ಅವರು ತಮ್ಮ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅವನಿಗೆ ಕುಡಿಸಿ ಕಾಲು ತಿಕ್ಕಿದರು. ಇನ್ನೇನು ಹಳ್ಳ ಬಂತು, ಎಂದು ನಾನು ಮುಂದೆ ಮುಂದೆ ನಡೆದೆ.

ಒಂದು ಗಂಟೆಗೆ ಹಳ್ಳ ಬಂತು. ಬಿಳಿ ಬಂಡೆ, ಮರಳು, ಒಣ ಎಲೆ. ಬಂಡೆಯ ಬುಡದಲ್ಲಿ ಕೈಯಿಂದಲೇ ಅಗೆದೆ. ಮೊಣಕೈ ಆಳಕ್ಕೆ ಒಂದಿಷ್ಟು ಕೆಸರು ಸಿಕ್ಕಿತು. ಅದನ್ನು ಪಂಚೆಯ ತುದಿಯಲ್ಲಿ ಹಿಂಡಲು ನೋಡುತ್ತಿದ್ದಾಗ ಹಿಂದಿನಿಂದ ಅವರ ಮಾತು ಕೇಳಿಸಿತು. ಹೆಂಡತಿಯ ಹೆಸರು ಹಿಡಿದು, ಬಾಗಿಲು ತೆಗಿ, ಎನ್ನುತ್ತಿದ್ದರು. ತಮಾಷೆ ಎಂದುಕೊಂಡೆ. ತಿರುಗಿ ನೋಡಿದರೆ ಅವರು ಚೀಲ ಸಮೇತ ಕುಸಿದಿದ್ದರು. ಹಣೆ ಮುಟ್ಟಿದೆ. ಒಂದು ಹನಿ ಬೆವರಿರಲಿಲ್ಲ. ಚರ್ಮ ಕಾದ ಕಾವಲಿಯಂತಿತ್ತು.

ಕೆಸರನ್ನೇ ಎದೆಗೆ, ಕತ್ತಿಗೆ ಬಳಿದೆವು. ಚೀಲಗಳನ್ನೆಲ್ಲ ಅಲ್ಲೇ ಬಿಸಾಡಿದೆವು. ಟಾರ್ಪಾಲಿನಲ್ಲಿ ಅವರನ್ನು ಮಲಗಿಸಿ, ತುದಿ ಹಿಡಿದು ಎತ್ತುತ್ತ, ಕೆಲವು ಕಡೆ ಎಳೆಯುತ್ತ ಇಳಿದೆವು. ದಾರಿಯಲ್ಲಿ ಎರಡು ಸಲ ನನ್ನ ಕೈ ಜಾರಿ ಅವರ ತಲೆ ಕಲ್ಲಿಗೆ ತಾಗಿತು. ಮೊದಲ ಸಲ ನರಳಿದರು. ಎರಡನೆಯ ಸಲ ನರಳಲಿಲ್ಲ. ಕೆಳಗೆ ಸಿಕ್ಕ ಮೊದಲ ಮನೆಯ ಹೆಂಗಸು ಬಾವಿಯಿಂದ ಕೊಡಗಟ್ಟಲೆ ನೀರು ಸೇದಿ ಅವರ ಮೈಮೇಲೆ ಸುರಿದರು. ಆ ಮನೆಯ ಜೀಪಿನಲ್ಲೇ ಕಾರ್ಕಳಕ್ಕೆ ಒಯ್ದೆವು. ಆಸ್ಪತ್ರೆಯಲ್ಲಿ ಡಾಕ್ಟರರು ಬಹಳ ಹೊತ್ತು ಪ್ರಯತ್ನಿಸಿದರು. ಸಂಜೆ ಐದೂವರೆಗೆ ಹೊರಗೆ ಬಂದು, "ನಿಮಗೆ ಇವರು ಏನಾಗಬೇಕು?" ಎಂದು ಕೇಳಿದರು. ಆ ಪ್ರಶ್ನೆಯಿಂದಲೇ ತಿಳಿಯಿತು.

ಮಾರನೆಯ ಬೆಳಿಗ್ಗೆ ಅವರ ಹೆಂಡತಿ ಕಟ್ಟಡದ ಇತರ ಕೆಲಸದವರೊಂದಿಗೆ ಆಸ್ಪತ್ರೆಗೆ ಬಂದರು. ಆಗಷ್ಟೇ ಪೊಲೀಸರು ನಮ್ಮ ಹೇಳಿಕೆ ಬರೆದುಕೊಂಡು ಹೋಗಿದ್ದರು. ಆಕೆ ಅಳುತ್ತಿರಲಿಲ್ಲ. ನೇರವಾಗಿ ನಮ್ಮ ಬಳಿ ಬಂದು ಕೇಳಿದರು.

"ನಾ ತುಂಬಿ ಕೊಟ್ಟ ಕ್ಯಾನ್ ಎಲ್ಲೈತ್ರಿ?"

ನಾನು ಬಾಯಿ ತೆರೆಯುವುದರೊಳಗೆ ಗೆಳೆಯ ಹೇಳಿಬಿಟ್ಟ. "ಅವರು ರೂಮಿನಲ್ಲೇ ಮರೆತು ಬಂದರಮ್ಮ."

ಪೊಲೀಸರಿಗೂ ಹಾಗೇ ಹೇಳಿದ್ದ. ಆಗಲೂ ನಾನು ಸುಮ್ಮನಿದ್ದೆ.

"ಅಂವ ನೀರು ಮರಿಯೂ ಮನಷ್ಯಾ ಅಲ್ರಿ," ಎಂದರು ಆಕೆ, ನನ್ನ ಮುಖ ನೋಡುತ್ತ. ನಾನು ನೆಲ ನೋಡಿದೆ. ಮಧ್ಯಾಹ್ನ ವ್ಯಾನಿನಲ್ಲಿ ಹೆಣವನ್ನು ಊರಿಗೆ ಒಯ್ದರು.

ಒಂದು ತಿಂಗಳ ಬಳಿಕ ಆಕೆ ಅದೇ ಕಟ್ಟಡಕ್ಕೆ ಕೆಲಸಕ್ಕೆ ಮರಳಿ ಬಂದರು. ತಾರಸಿಯ ಮೇಲಿಂದ ನೋಡಿದೆ, ಮರಳು ಜರಡಿ ಹಿಡಿಯುತ್ತಿದ್ದರು. ನಾಲ್ಕು ದಿನ ಬೇರೆ ದಾರಿಯಲ್ಲಿ ಕೆಲಸಕ್ಕೆ ಹೋದೆ. ಐದನೆಯ ದಿನ ಹೋಗಿ ಎದುರು ನಿಂತೆ. ಕ್ಯಾನ್ ತೆಗೆದಿಟ್ಟವನು ನಾನು, ಅದು ಇರಲಿ ಎಂದು ಅವರು ಹೇಳಿದರೂ ಕೇಳಲಿಲ್ಲ, ಎಂದೆ. ಆಕೆ ಜರಡಿ ನಿಲ್ಲಿಸಲಿಲ್ಲ.

"ನನಗ ಅವತ್ತ ಗೊತ್ತಿತ್ರಿ. ಸರ ಕ್ಯಾನ್ ಬ್ಯಾಡ ಅಂದ್ರು ಅಂತ ಹಿಂದಿನ ರಾತ್ರಿನ ಅಂವ ಹೇಳಿದ್ದ. ಗೊತ್ತಿಲ್ದ ಕೇಳಿರಲಿಲ್ಲ. ನೀವು ಹೇಳ್ತೀರೇನು ಅಂತ ಕೇಳಿದ್ದೆ." ಇನ್ನೊಂದು ಬುಟ್ಟಿ ಮರಳನ್ನು ಜರಡಿಗೆ ಸುರಿದು, "ಹೋಗ್ರಿ, ಮೇಸ್ತ್ರಿ ನೋಡ್ತಾರ," ಎಂದರು.

ವಿಷಯ ತಿಳಿದು ಗೆಳೆಯ ಕಾಪುವಿನಿಂದ ಓಡಿ ಬಂದ. "ಹೇಳುವ ಅಗತ್ಯ ಎಂತ ಇತ್ತು ಮಾರಾಯ? ಆ ಹೆಂಗಸಿಗೆ ಅದರಿಂದ ಎಂತ ಸಿಕ್ಕಿತು?" ಎಂದು ಕೂಗಾಡಿದ. ಅವನು ಕುಡಿದದ್ದು ಅವರ ಪಾಲಿನ ನೀರು ಎಂಬುದನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದಿನ ವರ್ಷ ಅವನು ದುಬಾಯಿಗೆ ಹೋದ. ಕಾಗದ ಬರೆಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಟ್ಟಡವೂ ಮುಗಿಯಿತು. ಶೆಡ್ಡುಗಳನ್ನು ಕಿತ್ತರು. ಕೆಲಸದವರು ಯಾವ ಕಡೆ ಹೋದರೆಂದು ಮೇಸ್ತ್ರಿಯನ್ನು ಕೇಳಿದೆ. ಕೆಲವರು ಕಲ್ಯಾಣಪುರಕ್ಕೆ, ಕೆಲವರು ಊರಿಗೆ ಎಂದರು. ಆ ಹೆಂಗಸು ಎಂದೆ. ಗಂಡ ತೀರಿಹೋದವರು ಎಂದೆ.

"ಯಾರು ಅಂತ ಹೇಳುವುದು ಮಾರಾಯ್ರೆ," ಎಂದರು ಮೇಸ್ತ್ರಿ. "ಅಂಥವರು ನಾಲ್ಕೈದು ಮಂದಿ ಇದ್ದರಲ್ಲ."