ನರೆಗೂದಲಿಗೆ ಭಾನುವಾರದ ಕಪ್ಪು

ಭಾನುವಾರ. ಮಾನಂದವಾಡಿ ಹೊಳೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಪೇಟೆಯಿಂದ ಇಳಿದು ಬರುವ ಕಾಲುದಾರಿಯ ಕೊನೆಗೆ, ಅತ್ತಿಮರದ ಬುಡದಲ್ಲಿ, ಮೂರು ಕಲ್ಲಿನ ಒಲೆ ಉರಿಯುತ್ತಿದೆ. ಒಲೆಯ ಮೇಲೆ ನೀರು ಕಾಯುತ್ತಿದೆ. ಪಕ್ಕದ ಕಬ್ಬಿಣದ ಬಾಣಲೆಯಲ್ಲಿ ಹಿಂದಿನ ಸಂಜೆಯೇ ಟೀ ಕಷಾಯ ಹಾಕಿ ನೆನೆಸಿಟ್ಟ ಗೋರಂಟಿ ಸೊಪ್ಪಿನ ಹಸಿರು ಮುದ್ದೆ. ಅದನ್ನು ಕಲಸುತ್ತ ಕುಕ್ಕರಗಾಲಲ್ಲಿ ಕುಳಿತ ಹೆಂಗಸಿನ ತಲೆ ಬಿಡಿಸಿದ ಹತ್ತಿಯಷ್ಟು ಬೆಳ್ಳಗಿದೆ. ಬೆರಳುಗಳು ಮಾತ್ರ ಕೆಂಪೂ ಅಲ್ಲದ, ಕಪ್ಪೂ ಅಲ್ಲದ ಬಣ್ಣಕ್ಕೆ ತಿರುಗಿ ಎಷ್ಟೋ ಕಾಲವಾಗಿದೆ.

"ಅಲ್ಲಾಡ್ಬ್ಯಾಡ ಕಣಪ್ಪ, ಕಿವಿಯೊಳಕ್ಕೆ ಇಳಿದ್ರೆ ಆಮೇಲೆ ನನ್ನ ಬಯ್ತೀಯ" ಎನ್ನುತ್ತ ಪುಟ್ಟಗೌರಮ್ಮ ಮುಂದೆ ಕುಳಿತವನ ತಲೆಯನ್ನು ಮೊಣಕೈಯಿಂದಲೇ ಬಗ್ಗಿಸುತ್ತಾರೆ. ಹಚ್ಚಿ ಮುಗಿದ ತಲೆಗೆ ಬಾಳೆಲೆ ಸುತ್ತಿ, ನಾರಿನಿಂದ ಬಿಗಿದು, ಎದ್ದು ಆಚೆ ಕೂರಲು ಹೇಳುತ್ತಾರೆ. ಆಗಲೇ ಹೊಳೆಯ ಕಲ್ಲುಗಳ ಮೇಲೆ ಎಲೆಯ ಟೋಪಿ ತೊಟ್ಟ ಗಂಡಸರ ಸಾಲೇ ಕುಳಿತಿದೆ. ಬಟ್ಟೆ ಒಗೆಯಲು ಬಂದ ಹೆಂಗಸರು ನಗುತ್ತಾರೆ. ಕುಳಿತವರೂ ನಗುತ್ತಾರೆ, ಆದರೆ ಏಳುವುದಿಲ್ಲ. ಎಲ್ಲರೂ ಸುತ್ತಲಿನ ಟೀ ಮತ್ತು ಕಾಫಿ ತೋಟಗಳ ಕೂಲಿಗಳು. ನಾಳೆ ಸೋಮವಾರ. ಬೆಳಿಗ್ಗೆ ತೋಟದ ಗೇಟಿನಲ್ಲಿ ಮೇಸ್ತ್ರಿ ನಿಂತು ವಾರದ ಆಳುಗಳನ್ನು ಆರಿಸುತ್ತಾನೆ. ಅವನ ಕಣ್ಣು ಮೊದಲು ಹೋಗುವುದು ತಲೆಯ ಮೇಲೆ. ಅಲ್ಲಿ ಬಿಳಿ ಕಂಡರೆ ಮುಂದಿನವನತ್ತ ಬೆರಳು ತೋರಿಸುತ್ತಾನೆ.

ವಯನಾಡಿಗೆ ಜನ ಹರಿದು ಬರುತ್ತಿರುವ ಕಾಲವಿದು. ತಿರುವಾಂಕೂರಿನ ಕಡೆಯಿಂದ ಪಾತ್ರೆ ಪಗಡ, ಮರಗೆಣಸಿನ ಕಡ್ಡಿ, ಮೆಣಸಿನ ಬಳ್ಳಿ, ಮಕ್ಕಳು ಮರಿ ಎಲ್ಲವನ್ನೂ ಲಾರಿಗೆ ತುಂಬಿಕೊಂಡು ಬಂದವರು ಕಾಡಂಚಿನಲ್ಲಿ ಗುಡಿಸಲು ಹಾಕುತ್ತಿದ್ದಾರೆ. ನೆಲ ಸಿಕ್ಕವರು ಅಗೆಯುತ್ತಾರೆ, ಸಿಗದವರು ತೋಟದ ಗೇಟಿಗೆ ಬರುತ್ತಾರೆ. ಚಳಿಜ್ವರದಲ್ಲಿ ಬೆಂದು ಎದ್ದ ಎಷ್ಟೋ ಜನರಿಗೆ ಮೂವತ್ತು ದಾಟುವ ಮೊದಲೇ ಕೂದಲು ಬೆಳ್ಳಗಾಗಿದೆ. ತೋಳಿನಲ್ಲಿ ಇನ್ನೂ ಕಸುವಿದೆ. ಆದರೆ ಹೆಚ್ಚಿನ ಗೇಟುಗಳಲ್ಲಿ ತೋಳು ನೋಡುವವರಿಲ್ಲ.

ಪುಟ್ಟಗೌರಮ್ಮನೂ ವಲಸೆ ಬಂದವರೇ, ಬಂದ ದಿಕ್ಕು ಬೇರೆ. ಗಂಡ ಗುರುಮಲ್ಲಪ್ಪ ಹೆಗ್ಗಡದೇವನಕೋಟೆಯಿಂದ ಬಾವಲಿಯ ದಾರಿಯಲ್ಲಿ ಗಾಡಿ ಹೊಡೆದು ರಾಗಿ, ಬೆಲ್ಲ ತಂದು ಇಲ್ಲಿ ಮಾರುತ್ತಿದ್ದರು. ಒಂದು ಮಳೆಗಾಲ ಗಾಡಿ ಹಿಂದಿರುಗಲಾಗದೆ ಇಲ್ಲೇ ಉಳಿದರು. ಮುಂದಿನ ವರ್ಷ ಹೆಂಡತಿಯನ್ನೂ ಕರೆಸಿಕೊಂಡು ಪೇಟೆಯ ಹಿಂದೆ ಸಣ್ಣ ಅಂಗಡಿ ಇಟ್ಟರು. ಚಳಿಜ್ವರ ಗಂಡನನ್ನು ಬಲಿ ತೆಗೆದುಕೊಂಡಿತು. ಕರ್ಮಾಂತರ ಮುಗಿದ ಮೇಲೆ ಕೋಟೆಯಿಂದ ಅಣ್ಣ ಗಾಡಿ ಕಟ್ಟಿಕೊಂಡು ಬಂದ, ತಂಗಿಯನ್ನು ಕರೆದೊಯ್ಯಲು. ತಂಗಿ ಹೋಗಲಿಲ್ಲ.

"ಅಲ್ಲಿಗೋದ್ರೆ ಅತ್ತಿಗೆ ಒಲೆ ಮುಂದೆ ಕೂರಬೇಕು. ಇಲ್ಲಿ ಗುಡಿಸ್ಲಾದ್ರೂ ಒಲೆ ನಂದು" ಎಂದು ಈಗಲೂ ಅದೇ ಗಟ್ಟಿ ದನಿಯಲ್ಲಿ ಹೇಳುತ್ತಾರೆ.

ಆ ಒಲೆಯ ಮೇಲೆ ಮೊದಲು ಕಾಯಿಸಿದ್ದು ತಲೆಗೆ ಹಚ್ಚುವ ಎಣ್ಣೆ. ತಾಯಿ ಮಾಡುತ್ತಿದ್ದದ್ದು ನೋಡಿ ಕಲಿತ ಕೆಲಸ. ಗದ್ದೆಯ ಬದುವಿನ ಗರುಗದ ಸೊಪ್ಪು, ನೆಲ್ಲಿಕಾಯಿ, ಕರಿಬೇವು, ಒಂದು ಹಿಡಿ ಮೆಂತ್ಯ. ಎಲ್ಲ ಅರೆದು ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕುದಿಸಬೇಕು. ತಳದ ಗಸಿಯನ್ನು ಎರಡು ಬೆರಳ ನಡುವೆ ತಿಕ್ಕಿದರೆ ಮರಳಿನ ಹಾಗೆ ಉದುರಬೇಕು. ಆಗ ಇಳಿಸಬೇಕು. ತಡವಾದರೆ ಸೀದ ವಾಸನೆ, ಬೇಗ ಇಳಿಸಿದರೆ ನೀರು ಉಳಿದು ಕೆಡುತ್ತದೆ. ಪೇಟೆಯ ಹೆಂಗಸರು ತಮ್ಮ ತಮ್ಮ ಗಿಂಡಿ, ಡಬ್ಬಿ ತಂದು ತುಂಬಿಸಿಕೊಂಡು ಹೋಗುತ್ತಿದ್ದರು.

ಕೂಲಿಗಳಲ್ಲಿ ಮೊದಲು ಬಂದವನ ಕತೆಯನ್ನು ಹೇಳುವಾಗ ಗೌರಮ್ಮ ಕಣ್ಣೊರೆಸಿಕೊಂಡು ನಗುತ್ತಾರೆ. ಆತ ಬಾಗಿಲಲ್ಲಿ ನಿಂತು "ನರ, ನರ" ಎಂದ. ಇವರು ಕಾಲಿನ ನರ ಹಿಡಿದುಕೊಂಡಿದೆ ಎಂದುಕೊಂಡು ಬಿಸಿ ಎಣ್ಣೆ ತಂದು ಮೀನಖಂಡಕ್ಕೆ ತಿಕ್ಕತೊಡಗಿದರು. ಕೊನೆಗೆ ಆತ ತಲೆಗೆ ಸುತ್ತಿದ್ದ ತೋರ್ತು ಬಟ್ಟೆ ಕಿತ್ತು ಕೂದಲು ತೋರಿಸಿದ. "ನಮ್ಮ ನರೆ ಅವರಿಗೆ ನರ. ಅಷ್ಟೇಯ. ಪಾಪ, ಕಾಲು ತಿಕ್ಕಿಸ್ಕೊಂಡು ಸುಮ್ನೆ ಕೂತಿದ್ದ."

ಅವನಿಗೂ ಅವರು ಇದ್ದದ್ದನ್ನೇ ಹೇಳಿದರು, ಇಂದು ಬರುವವರಿಗೂ ಅದನ್ನೇ ಹೇಳುತ್ತಾರೆ: "ಎಣ್ಣೆ ತಂಪು ಕೊಡ್ತದೆ, ಕೂದ್ಲು ಒಡೆಯೋದು ತಪ್ತದೆ. ಬಂದ ನರೆ ಹೋಗಾಕಿಲ್ಲ. ಹೋಗ್ತದೆ ಅನ್ನೋರ ಹತ್ರ ಹೋಗ್ಬ್ಯಾಡ." ನರೆ ಮುಚ್ಚಬೇಕಾದರೆ ಬಣ್ಣ ಬೇಕು. ಗೋರಂಟಿ ಗೊತ್ತಿತ್ತು, ಆದರೆ ಅದೊಂದೇ ಹಚ್ಚಿದರೆ ತಲೆ ಕೆಂಪು.

ಕಪ್ಪು ತಂದವಳು ಚಿಕ್ಕಿ. ತೋಲ್ಪೆಟ್ಟಿಯ ಕಾಡಿನ ಹಾಡಿಯವಳು, ಜೇನು, ಸೀಗೆಕಾಯಿ ಮಾರಲು ಪೇಟೆಗೆ ಬರುತ್ತಿದ್ದವಳು. ಅವಳ ಮಾತು ಗೌರಮ್ಮನ ಕಿವಿಗೆ ತವರಿನ ಮಾತಿನ ಹಾಗೆಯೇ ಕೇಳಿಸಿತ್ತು. ಕೆಂಪಾಗಿದ್ದ ಬಾಣಲೆ ನೋಡಿ ಚಿಕ್ಕಿ ಒಂದೇ ಮಾತು ಹೇಳಿದ್ದಳು: "ಅಕ್ಕ, ಇದರ ಮೇಗೆ ನೀಲಿ ಹಾಕು." ಮರುವಾರ ನೆರಳಲ್ಲಿ ಒಣಗಿಸಿದ ನೀಲಿ ಗಿಡದ ಸೊಪ್ಪಿನ ಗಂಟು ತಂದಳು. ಗೋರಂಟಿ ತೊಳೆದ ತಲೆಗೆ, ಬೆಚ್ಚಗಿನ ನೀರಲ್ಲಿ ಕಲಸಿದ ನೀಲಿ ಪುಡಿ. ಕೆಂಪು ಕರಗಿ ಕಪ್ಪಾಯಿತು. ಅಂದಿನಿಂದ ಒಲೆ ಒಬ್ಬಳದು, ಸೊಪ್ಪು ಒಬ್ಬಳದು. ಚಿಕ್ಕಿ ಇಂದಿಗೂ ಶನಿವಾರದ ಬಸ್ಸಿಗೆ ಬಂದು, ಗೌರಮ್ಮನ ಗುಡಿಸಲಲ್ಲೇ ಮಲಗಿ, ಬೆಳಿಗ್ಗೆ ಹೊಳೆಯ ದಡದಲ್ಲಿ ತಲೆ ತೊಳೆಯಲು ನಿಲ್ಲುತ್ತಾಳೆ.

ಇಷ್ಟೆಲ್ಲ ಸರಾಗವಾಗಿ ನಡೆಯುತ್ತಿದ್ದ ಕೆಲಸ ಹೋದ ವರ್ಷ ನಿಂತೇಹೋಗುವುದರಲ್ಲಿತ್ತು.

ರಾಮನ್ ಎಂಬ ಕೂಲಿ, ತೆಂಕಣ ಸೀಮೆಯಿಂದ ಹೊಸದಾಗಿ ಬಂದವನು. ಮೂರು ವಾರ ಗೇಟಿನಲ್ಲಿ ನಿಂತು ಬರಿಗೈಯಲ್ಲಿ ಮರಳಿದ್ದ. ಶನಿವಾರ ಸಂಜೆ ಬಸ್ ನಿಲ್ದಾಣದಲ್ಲಿ ಚೀಲ ಹಿಡಿದ ಒಬ್ಬ ವ್ಯಾಪಾರಿ ಅವನನ್ನು ಕರೆದು ಪುಟ್ಟ ಸೀಸೆ ಕೈಗಿಟ್ಟ. "ಹೊಳೆಯ ಹತ್ತಿರದ ಗೌರಮ್ಮನದೇ ಕಪ್ಪು. ಎಲೆ ಸುತ್ತಿ ಕೂರುವುದು ಬೇಡ, ಹಚ್ಚಿ ತೊಳೆದರೆ ಆಯಿತು" ಎಂದ. ರಾಮನ್ ನಂಬಿದ. ಸೋಮವಾರ ಬೆಳಿಗ್ಗೆ ಅವನ ತಲೆಯ ಚರ್ಮವೆಲ್ಲ ಬೊಕ್ಕೆ ಎದ್ದು, ಮುಖ ಊದಿ, ಎರಡೂ ಕಣ್ಣು ಮುಚ್ಚಿಹೋಗಿದ್ದವು. ನೆರೆಯವರು ಚಾದರದಲ್ಲಿ ಮಲಗಿಸಿ ಆಸ್ಪತ್ರೆಗೆ ಹೊತ್ತು ತಂದರು.

ಅವನ ಹೆಂಡತಿ ಕಾರ್ತು ನೆಟ್ಟಗೆ ಗೌರಮ್ಮನ ಗುಡಿಸಲಿಗೆ ಬಂದಳು. "ನನ್ನ ಗಂಡನ ಕಣ್ಣು ಹೋಯ್ತು! ನಿನ್ನ ಕರಿ ಹಚ್ಚಿ ಕಣ್ಣು ಹೋಯ್ತು!" ಎಂದು ಮಲಯಾಳದ ನಡುವೆ ಬಂದಷ್ಟು ಕನ್ನಡ ಬೆರೆಸಿ ಕೂಗಿದಳು. ಪೇಟೆ ಸೇರಿತು. ಇಷ್ಟು ವರ್ಷದಲ್ಲಿ ಯಾರ ಕೈಗೆ ಏನು ಕೊಟ್ಟೆ, ಎಲ್ಲಿ ತಪ್ಪಿದೆ ಎಂದು ಗೌರಮ್ಮನ ಮನಸ್ಸು ಹಿಂದಕ್ಕೆ ಓಡುತ್ತಿತ್ತು. ಒಲೆ ಆರಿಸಿ, ಕಾರ್ತುವಿನ ಜೊತೆಗೇ ಆಸ್ಪತ್ರೆಗೆ ನಡೆದರು.

ಡಾಕ್ಟರು ಔಷಧಿ ಕೊಟ್ಟಾಗಿತ್ತು, ತಲೆ ಬೋಳಿಸಿಯಾಗಿತ್ತು. ಕಣ್ಣಿಗೆ ಅಪಾಯವಿಲ್ಲ, ಆದರೆ ಹಚ್ಚಿದ್ದು ಏನೆಂದು ನೋಡಬೇಕು, ತನ್ನಿ ಎಂದರು. ಕಾರ್ತು ಮನೆಗೆ ಓಡಿ ಸೀಸೆ ತಂದಳು. ಗೌರಮ್ಮ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ತಾಯಿ, ನಾನು ಕಪ್ಪನ್ನ ಸೀಸೇಲಿ ಕೊಡೋದೇ ಇಲ್ಲ. ನನ್ನ ಮುಂದೆ ಕೂತೋರ ತಲೆಗೆ ಬಿಟ್ಟು ಬೇರೆಲ್ಲೂ ಹಚ್ಚಿಲ್ಲ."

ಡಾಕ್ಟರು ಮೂಸಿ ನೋಡಿ, ಇದು ಸೊಪ್ಪಲ್ಲ, ರಾಸಾಯನಿಕ ಎಂದರು. ಕಾರ್ತು ಗೋಡೆಗೊರಗಿ ಅಲ್ಲೇ ನೆಲಕ್ಕೆ ಕೂತಳು. ಗೌರಮ್ಮ ಪಕ್ಕದಲ್ಲೇ ಕುಳಿತರು. ಆ ವಾರವೆಲ್ಲ ಗಂಜಿ ಕಾಯಿಸಿ ಆಸ್ಪತ್ರೆಗೆ ಒಯ್ದದ್ದೂ ಅವರೇ.

ಕಾರ್ತು ನಂಬಿದಳು, ಪೇಟೆ ನಂಬಲಿಲ್ಲ. ಸೀಸೆ ಮಾರಿದವನು ಮತ್ತೆ ಆ ನಿಲ್ದಾಣದಲ್ಲಿ ಕಾಣಿಸಿಕೊಳ್ಳಲಿಲ್ಲ. ಗೌರಮ್ಮನೇ ಅವನ ಕೈಲಿ ಮಾರಿಸಿದ್ದು ಎಂಬ ಸುದ್ದಿ ಚಹಾದಂಗಡಿಗಳಲ್ಲಿ ಓಡಾಡಿತು. ಭಾನುವಾರ ಬೆಳಿಗ್ಗೆ ಹೊಳೆಯ ಕಲ್ಲುಗಳು ಬರಿದಾಗಿದ್ದವು. ಜನ ಬಂದಿದ್ದರು, ಆದರೆ ಬಾಣಲೆ ಎತ್ತಿಸಲು. ಮುಂದೆ ನಿಂತಿದ್ದವನು ತೋಟದ ಮೇಸ್ತ್ರಿ ವಿಜಯನ್.

"ಇನ್ನು ಇದು ಬೇಡ ಗೌರಮ್ಮ ಚೇಚ್ಚಿ. ಯಾರಿಗಾದರೂ ಏನಾದರೂ ಆದರೆ ನನ್ನ ತಲೆಗೆ ಬರುತ್ತೆ" ಎಂದ ವಿಜಯನ್. ತಲೆಗೆ ತೋರ್ತು ಬಿಗಿದು ಸುತ್ತಿದ್ದ.

ಚಿಕ್ಕಿ ಗೌರಮ್ಮನ ಸೆರಗು ಎಳೆದಳು. "ಹೇಳಕ್ಕ, ಅವನ ತಲೆ ಕತೆ ಹೇಳು" ಎಂದು ಪಿಸುಗುಟ್ಟಿದಳು. ತಿಂಗಳಿಗೊಮ್ಮೆ, ಯಾರೂ ಇಲ್ಲದ ಹೊತ್ತು ನೋಡಿ, ಗುಡಿಸಲಿನ ಹಿಂಬಾಗಿಲಿಗೆ ಬಂದು ಕಪ್ಪು ಹಚ್ಚಿಸಿಕೊಂಡು ಹೋಗುತ್ತಿದ್ದವನು ಇದೇ ವಿಜಯನ್. ಅವನ ಮೇಲೆ ತೋಟದ ದೊರೆಯಿದ್ದ. ದೊರೆಯ ಕಣ್ಣೂ ತಲೆಯ ಮೇಲೇ ಇತ್ತು. ಒಂದು ಮಾತು ಆಡಿದ್ದರೆ ಅವನ ಬಾಯಿ ಅಲ್ಲೇ ಮುಚ್ಚುತ್ತಿತ್ತು.

ಗೌರಮ್ಮ ಆ ಮಾತು ಆಡಲಿಲ್ಲ. "ಹಿಂದಿನ ಬಾಗಿಲಿಗೆ ಬಂದೋರ್ನ ಮುಂದಿನ ಬಾಗಿಲಲ್ಲಿ ಹರಾಜು ಹಾಕ್ಬಾರ್ದು" ಎಂದಷ್ಟೇ ಈಗ ಹೇಳುತ್ತಾರೆ. ಅಂದು ಮಾಡಿದ್ದು ಬೇರೆ. ತುರುಬು ಬಿಚ್ಚಿದರು. ಅದುವರೆಗೆ ತಮ್ಮ ಬಿಳಿ ಕೂದಲಿಗೆ ಒಂದು ದಿನವೂ ಬಣ್ಣ ಮುಟ್ಟಿಸಿದವರಲ್ಲ. ನನ್ನನ್ನು ಕೆಲಸದಿಂದ ತೆಗೆಯುವವರು ಯಾರು ಎಂದು ನಗುತ್ತಿದ್ದವರು. "ಹಚ್ಚು ಚಿಕ್ಕಿ" ಎಂದು ಒಲೆಯ ಮುಂದೆ ಕುಳಿತರು. ಚಿಕ್ಕಿ ಎಲ್ಲರ ಎದುರು, ಅದೇ ಬಾಣಲೆಯಿಂದ, ನೆತ್ತಿಯಿಂದ ತುದಿಯವರೆಗೆ ಗೋರಂಟಿ ಮೆತ್ತಿ ಎಲೆ ಸುತ್ತಿದಳು.

"ಈ ತಲೆ ಇಟ್ಕೊಂಡು ವಾರವೆಲ್ಲ ಪೇಟೇಲಿ ಓಡಾಡ್ತೀನಿ. ಊದ್ಕೊಂಡ್ರೆ ಬಾಣಲೇನ ಹೊಳೆಗೆ ಹಾಕಿ."

ಚರ್ಚಿನ ಗಂಟೆ ಹೊಡೆಯಿತು, ಕೆಲವರು ಅತ್ತ ನಡೆದರು, ಹೆಚ್ಚಿನವರು ಉಳಿದರು. ಆಗ ವಿಜಯನ್ ತಲೆಯ ತೋರ್ತು ಬಿಚ್ಚಿದ. ಬೈತಲೆಯ ಉದ್ದಕ್ಕೂ ಬುಡದಲ್ಲಿ ಬಿಳಿ ಎದ್ದು ಕಾಣುತ್ತಿತ್ತು. ಬಂದು ಗೌರಮ್ಮನ ಪಕ್ಕದ ಕಲ್ಲಿನ ಮೇಲೆ ಕುಳಿತ.

"ನನಗೂ ಹಚ್ಚು ಚಿಕ್ಕಿ. ಯಾವಾಗಲೂ ಹಚ್ಚೋ ಹಾಗೆ" ಎಂದ, ಎಲ್ಲರಿಗೂ ಕೇಳುವಂತೆ.

ಅಷ್ಟು ಜನರ ನಡುವೆ ಮೊದಲು ಯಾರು ನಕ್ಕರೋ ತಿಳಿಯದು. ಆ ನಗುವಿನಲ್ಲೇ ಇಬ್ಬರು ಬಂದು ಸಾಲಿನಲ್ಲಿ ಕುಳಿತರು. ಮಧ್ಯಾಹ್ನ ನೀಲಿ ತೊಳೆದೆದ್ದಾಗ ಗೌರಮ್ಮನ ತಲೆ ಕಾಡಿಗೆಯಂತಿತ್ತು. ವಾರವೆಲ್ಲ ಆ ತಲೆ ಹೊತ್ತು ಪೇಟೆ ತಿರುಗಿದರು. ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ಮತ್ತೆ ಬಣ್ಣ ಮುಟ್ಟಿಸಲಿಲ್ಲ; ಕಪ್ಪು ಕೂದಲನ್ನು ಕತ್ತರಿಸುತ್ತ ಬಂದು ತಲೆಯನ್ನು ಮತ್ತೆ ಬೆಳ್ಳಗಾಗಿಸಿಕೊಂಡರು.

ರಾಮನ್ ಗುಣವಾಗಿ ಗೇಟಿಗೆ ಬಂದಾಗ ಬೋಳು ತಲೆಯಲ್ಲಿ ನರೆಯ ಮೊಳಕೆ ಎದ್ದಿತ್ತು. ವಿಜಯನ್ ಅವನನ್ನು ಅಲ್ಲೇ ಬಿದ್ದಿದ್ದ ಗೊಬ್ಬರದ ಮೂಟೆಯ ಹತ್ತಿರ ಕರೆದು, "ಎತ್ತು" ಎಂದ. ರಾಮನ್ ಎತ್ತಿ ಹೆಗಲಿಗೆ ಹಾಕಿಕೊಂಡು ಗುಡ್ಡದ ತಿರುವಿನವರೆಗೆ ನಿಲ್ಲದೆ ನಡೆದ. ಅಂದೇ ಕೆಲಸಕ್ಕೆ ಸೇರಿದ. ಇಂದಿಗೂ ಬಣ್ಣ ಹಚ್ಚಿಲ್ಲ. ಕಾರ್ತು ಮಾತ್ರ ತಿಂಗಳಿಗೊಮ್ಮೆ ಗಿಂಡಿ ತಂದು ಎಣ್ಣೆ ಒಯ್ಯುತ್ತಾಳೆ.

ಆ ಘಟನೆಯ ಮೇಲೆ ಹೊಳೆಯ ದಡದಲ್ಲಿ ಒಂದು ಹೊಸ ಪದ್ಧತಿ ಬಂದಿದೆ. ಹೊಸಬರು ಬಂದರೆ ಮೊದಲು ಮೊಣಕೈ ಒಳಗೆ ಚಿಟಿಕೆಯಷ್ಟು ಮುದ್ದೆ ಹಚ್ಚಿ ಮನೆಗೆ ಕಳಿಸುತ್ತಾರೆ. ತುರಿಸಲಿಲ್ಲವೆಂದರೆ ಮುಂದಿನ ಭಾನುವಾರ ತಲೆಗೆ. ಸೊಪ್ಪಾದರೂ ಎಲ್ಲರ ಮೈಗೂ ಒಗ್ಗುತ್ತದೆಂದು ಹೇಳಲಾಗದು ಎನ್ನುತ್ತಾಳೆ ಚಿಕ್ಕಿ. ಅವಸರದವರು ಗೊಣಗುತ್ತಾರೆ. ಗೌರಮ್ಮ ಕೇಳುವುದಿಲ್ಲ.

ಮಂಜು ಕರಗಿ ಹೊಳೆ ಕಾಣುತ್ತಿದೆ. ಚಿಕ್ಕಿ ಮೊದಲ ತಲೆಯ ಎಲೆ ಬಿಚ್ಚಿ ನೀರು ಸುರಿಯುತ್ತಿದ್ದಾಳೆ. ರಾಮನ್ ನರೆತಲೆಯಲ್ಲೇ ಗೇಟು ದಾಟಿದ ಮೇಲೆ ವಿಜಯನ್ ತನ್ನ ಗೇಟಿನಲ್ಲಿ ತೋಳು ನೋಡಿ ಆಳು ಆರಿಸುತ್ತಾನೆ; ಇಲ್ಲಿಗೆ ಬರುವವರು ಕೊಂಚ ಕಡಿಮೆಯಾಗಿದ್ದಾರೆ, ಅದು ನಿಜ. ಬೇಸರವಿಲ್ಲವೇ ಎಂದರೆ ಪುಟ್ಟಗೌರಮ್ಮ ಬಾಣಲೆಯ ಅಂಚಿಗೆ ಕೈ ಒರೆಸುತ್ತ ತಲೆಯಾಡಿಸುತ್ತಾರೆ.

"ನನ್ನಾಸೆ ಏನೂ ದೊಡ್ಡದಲ್ಲ. ಮದ್ವೆ ಐತೆ, ಹಬ್ಬ ಐತೆ, ಹೆಂಡ್ತಿ ಮುಂದೆ ಚೆಂದ ಕಾಣ್ಬೇಕು ಅಂತ ಬರ್ಲಿ. ಎಷ್ಟು ಜನ ಬಂದ್ರೂ ಹಚ್ತೀನಿ. ಹೆದರ್ಕೊಂಡು ಬರೋದು ಬ್ಯಾಡ. ಹೆದರಿದೋರ ತಲೆ ಬೆವರ್ತಾನೇ ಇರ್ತದೆ, ನನ್ನ ಬಣ್ಣ ಸರಿಯಾಗಿ ಕೂರಾಕಿಲ್ಲ."